ಸ್ಪೇನಿನಲ್ಲಿ ಓದುವಾಗ ಎಲ್ಲಿರಬೇಕು: ರೆಸಿಡೆನ್ಸಿಯಾ, ಪಿಸೊ, ಅಥವಾ ಒಂದು ಕುಟುಂಬದ ಮನೆ?

ಸ್ಪೇನಿನ ವಿಶ್ವವಿದ್ಯಾಲಯದಿಂದ ಪ್ರವೇಶಪತ್ರ ಬಂದ ತಕ್ಷಣ ಎಲ್ಲರೂ ಕೋಣೆಗಳ ಫೋಟೊ, ಬಾಡಿಗೆ ನೋಡಲು ಶುರುಮಾಡುತ್ತಾರೆ. ಅದಕ್ಕೂ ಮೊದಲು ನೋಡಬೇಕಾದ್ದು ನಿಮ್ಮ ವೀಸಾ ಎಷ್ಟು ದಿನದ್ದು ಎಂಬುದನ್ನು. 180 ದಿನದೊಳಗಿನ ವೀಸಾ ಆದರೆ, ಅಂದರೆ ಒಂದೇ ಸೆಮಿಸ್ಟರಿಗೆ ಹೋಗುವವರಾದರೆ, ವೀಸಾದ ಮೇಲೆಯೇ ಇದ್ದು ಬರಬಹುದು. ಅದಕ್ಕಿಂತ ಹೆಚ್ಚಾದರೆ ಅಲ್ಲಿ ಇಳಿದ ಒಂದು ತಿಂಗಳೊಳಗೆ ವಿದೇಶಿಯರ ಗುರುತಿನ ಕಾರ್ಡಿಗೆ (ಟಿಐಇ) ಅರ್ಜಿ ಹಾಕಲೇಬೇಕು. ಹಲವು ಪ್ರಾಂತಗಳ ಪೊಲೀಸ್ ಕಚೇರಿಗಳು ಅದಕ್ಕೆ ನಗರಸಭೆಯ ವಾಸದ ನೋಂದಣಿ ಪತ್ರ ಕೇಳುತ್ತವೆ. ಈ ನೋಂದಣಿಗೆ ಎಂಪಾದ್ರೊನಾಮಿಯೆಂತೊ ಎಂಬ ಉದ್ದದ ಹೆಸರು. ವಿದ್ಯಾರ್ಥಿಗಳ ಬಾಯಲ್ಲಿ ಅದು ಬರೀ ಪಾದ್ರೋನ್.

ಪಾದ್ರೋನ್ ಮಾಡಿಸಲು ನಿಮ್ಮ ಹೆಸರಿನ ಬಾಡಿಗೆ ಕರಾರು ಬೇಕು, ಇಲ್ಲವೇ ಮನೆಯ ಮಾಲೀಕರ ಸಹಿಯಿರುವ ಒಪ್ಪಿಗೆಪತ್ರ ಬೇಕು. ಸಾಲಮಾಂಕಾದಲ್ಲಿ 280 ಯೂರೊಗೆ ಬಿಸಿಲು ಬೀಳುವ ಕೋಣೆ ಸಿಕ್ಕಿತು ಎಂದು ಹಿಗ್ಗಿದವರಿಗೆ ಮಾಲೀಕರು ಕರಾರೂ ಒಪ್ಪಿಗೆಪತ್ರವೂ ಕೊಡದೆ ‘ಪಾದ್ರೋನ್ ಇಲ್ಲ’ ಅಂದರೆ, ವರ್ಷದ ವೀಸಾದವರ ಪಾಲಿಗೆ ಆ ಕೋಣೆ ಇಲ್ಲದ ಹಾಗೆಯೇ. ಇದೇ ಕೋಣೆ ಐದು ತಿಂಗಳಿಗೆ ಹೋಗುವವರಿಗೆ ಲಾಭದ ವ್ಯವಹಾರ. ಹಾಗಾಗಿ ಮುಂದಿನ ಹೋಲಿಕೆಯನ್ನು ನಿಮ್ಮ ವೀಸಾದ ಅವಧಿ ಕೈಯಲ್ಲಿಟ್ಟುಕೊಂಡೇ ಓದಿ.

ಇರಲು ದಾರಿ ನಾಲ್ಕು. ವಿಶ್ವವಿದ್ಯಾಲಯದ ಆಶ್ರಯದಲ್ಲಿರುವ, ಊಟ ಸಹಿತದ ಹಳೆಯ ಮಾದರಿಯ ಹಾಸ್ಟೆಲ್ ಕೊಲೆಹಿಯೊ ಮಯೋರ್. ಹೆಚ್ಚಾಗಿ ಖಾಸಗಿಯವರು ನಡೆಸುವ ವಿದ್ಯಾರ್ಥಿನಿಲಯ ರೆಸಿಡೆನ್ಸಿಯಾ. ನಾಲ್ಕೈದು ಜನ ಹಂಚಿಕೊಂಡು ಇರುವ ಫ್ಲ್ಯಾಟು ಪಿಸೊ ಕೊಂಪಾರ್ತಿದೊ. ಇನ್ನೊಂದು, ಸ್ಥಳೀಯ ಕುಟುಂಬದ ಮನೆಯಲ್ಲಿ ಒಂದು ಕೋಣೆ.

ಮೊದಲು ದುಡ್ಡಿನ ಲೆಕ್ಕ

ವೀಸಾಕ್ಕೆ ತೋರಿಸಬೇಕಾದ ಹಣವನ್ನು ಐಪಿಆರ್‌ಇಎಂ ಎಂಬ ಸರ್ಕಾರಿ ಸೂಚ್ಯಂಕದ ಮೇಲೆ ಎಣಿಸುತ್ತಾರೆ. 2023ರಿಂದ ಅದು ತಿಂಗಳಿಗೆ 600 ಯೂರೊ. ಮನೆಯವರು ಇದನ್ನೇ ತಿಂಗಳ ಖರ್ಚು ಎಂದುಕೊಂಡುಬಿಡುತ್ತಾರೆ. ಗ್ರನಾದಾದಲ್ಲಿ ಬಿಗಿ ಹಿಡಿದರೆ ಈ ಹಣದಲ್ಲಿ ಬದುಕಬಹುದು. ಮ್ಯಾಡ್ರಿಡ್ಡಿನಲ್ಲಿ ಕೋಣೆಯ ಬಾಡಿಗೆಗೇ ಮುಗಿದುಹೋದೀತು.

ಹಂಚಿಕೆಯ ಫ್ಲ್ಯಾಟಿನಲ್ಲಿ ಒಂದು ಕೋಣೆಗೆ ಈಚಿನ ವರ್ಷಗಳಲ್ಲಿ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾದಲ್ಲಿ ಸುಮಾರು 450ರಿಂದ 700 ಯೂರೊ, ವಲೆನ್ಸಿಯಾದಲ್ಲಿ 350ರಿಂದ 500, ಗ್ರನಾದಾ ಮತ್ತು ಸಾಲಮಾಂಕಾದಲ್ಲಿ 250ರಿಂದ 350. ಊಟ ಸಹಿತದ ಕೊಲೆಹಿಯೊ ಮಯೋರ್ ಅಥವಾ ರೆಸಿಡೆನ್ಸಿಯಾ ಮ್ಯಾಡ್ರಿಡ್ಡಿನಲ್ಲಿ ಸಾವಿರದ ಆಸುಪಾಸಿನಿಂದ ಶುರುವಾಗಿ 1400 ದಾಟುವುದೂ ಉಂಟು.

ಒಂದು ಉದಾಹರಣೆ ಹಾಕಿ ನೋಡೋಣ. ಮ್ಯಾಡ್ರಿಡ್, 520 ಯೂರೊ ಕೋಣೆ. ಕರೆಂಟು, ಗ್ಯಾಸು, ನೀರು, ಇಂಟರ್ನೆಟ್ಟಿನ ಪಾಲು 60. ಮನೆಯಲ್ಲೇ ಅಡುಗೆ ಮಾಡಿದರೆ ದಿನಸಿಗೆ 200. ಒಟ್ಟು 780. ಹತ್ತು ತಿಂಗಳಿಗೆ 7800. ಊಟ ಸಹಿತ ರೆಸಿಡೆನ್ಸಿಯಾ 1100ರಂತೆ ಹತ್ತು ತಿಂಗಳಿಗೆ 11,000. ಮೇಲ್ನೋಟಕ್ಕೆ ಪಿಸೊದಲ್ಲಿ 3200 ಯೂರೊ ಉಳಿಯಿತು. ಆದರೆ ರೆಸಿಡೆನ್ಸಿಯಾದ ಕರಾರು ಸಾಮಾನ್ಯವಾಗಿ ಸೆಪ್ಟೆಂಬರಿನಿಂದ ಜೂನ್‌ವರೆಗೆ. ಪಿಸೊದ ಕರಾರು ಹನ್ನೆರಡು ತಿಂಗಳದ್ದಾದರೆ ಜುಲೈ, ಆಗಸ್ಟಿನಲ್ಲಿ ನೀವು ಊರಿಗೆ ಬಂದಿದ್ದರೂ 1040 ಯೂರೊ ಬಾಡಿಗೆ ಕಟ್ಟಬೇಕು. ಚಾದರ, ದಿಂಬು, ರಜಾಯಿ, ಪಾತ್ರೆ ಎಂದು ಮೊದಲ ತಿಂಗಳಲ್ಲೇ ಇನ್ನೊಂದು 100 ಹೋಗುತ್ತದೆ. ಉಳಿಯುವುದು ಎರಡು ಸಾವಿರದಷ್ಟು. ಕಡಿಮೆ ಹಣವಲ್ಲ ನಿಜ, ಆದರೆ ಜಾಹೀರಾತು ನೋಡಿದಾಗ ಅನಿಸುವಷ್ಟೂ ಅಲ್ಲ. ಹತ್ತು ತಿಂಗಳ ಕರಾರಿಗೆ ಒಪ್ಪುವ ಮಾಲೀಕರು ವಿಶ್ವವಿದ್ಯಾಲಯದ ಊರುಗಳಲ್ಲಿ ಸಿಗುತ್ತಾರೆ. ಕೇಳಲೇಬೇಕು, ಕೇಳದಿದ್ದರೆ ಅವರಾಗಿ ಹೇಳುವುದಿಲ್ಲ.

ಕೊಲೆಹಿಯೊ ಮಯೋರ್

ಮ್ಯಾಡ್ರಿಡ್ಡಿನ ಸಿಯುದಾದ್ ಉನಿವೆರ್ಸಿತಾರಿಯಾ, ಮೊಂಕ್ಲೊವಾ ಸುತ್ತ ಇವು ಸಾಲುಸಾಲಾಗಿವೆ. ಕೊಂಪ್ಲುತೆನ್ಸೆ ವಿಶ್ವವಿದ್ಯಾಲಯದ ತರಗತಿಗೆ ನಡೆದೇ ಹೋಗಬಹುದು. ಇರುವವರು ಬಹುತೇಕ ಹದಿನೆಂಟು ಇಪ್ಪತ್ತರ ಸ್ಪ್ಯಾನಿಷ್ ಹುಡುಗ ಹುಡುಗಿಯರು. ನಾಟಕ, ಫುಟ್‌ಬಾಲ್, ಭಾಷಣಗಳು ಎಂದು ವರ್ಷವಿಡೀ ಗದ್ದಲ. ಪದವಿಯ ಮೊದಲ ವರ್ಷಕ್ಕೆ ಹೋಗುವವರಿಗೆ ಭಾಷೆ ಕಲಿಯಲು, ಗೆಳೆಯರನ್ನು ಸಂಪಾದಿಸಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಸ್ನಾತಕೋತ್ತರಕ್ಕೆ ಹೋಗುವ ಇಪ್ಪತ್ತೈದರವರಿಗೆ ಒಂದು ತಿಂಗಳಲ್ಲೇ ಬೇಸರ ಬರಬಹುದು.

ಹೊಸಬರನ್ನು ಕಾಡಿಸುವ ನೊವತಾದಾಸ್ ಎಂಬ ಹಳೆಯ ಚಾಳಿಯೊಂದಿದೆ, ನಮ್ಮ ರ್‍ಯಾಗಿಂಗೇ. 2022ರ ವಿಶ್ವವಿದ್ಯಾಲಯ ಸಹಬಾಳ್ವೆ ಕಾಯ್ದೆ ಅದನ್ನು ಅತಿ ಗಂಭೀರ ಶಿಸ್ತು ಉಲ್ಲಂಘನೆಗಳ ಪಟ್ಟಿಗೆ ಸೇರಿಸಿದೆ. ಸೆಪ್ಟೆಂಬರಿನ ಮೊದಲ ವಾರಗಳಲ್ಲಿ ಯಾರಾದರೂ ‘ಇದು ಇಲ್ಲಿನ ಸಂಪ್ರದಾಯ’ ಎಂದು ಒತ್ತಾಯಿಸಿದರೆ ನೇರ ನಿರ್ದೇಶಕರ ಕಚೇರಿಗೆ ಹೋಗಿ.

ಪ್ರವೇಶದ ಪ್ರಕ್ರಿಯೆ ವಸಂತದಲ್ಲೇ ಶುರುವಾಗುತ್ತದೆ, ಹಲವೆಡೆ ಸಂದರ್ಶನವೂ ಇರುತ್ತದೆ. ವೀಸಾ ಕೈಗೆ ಬಂದ ಮೇಲೆ ಹುಡುಕಿದರೆ ಸೀಟು ಇರುವುದಿಲ್ಲ. ಕ್ರಿಸ್‌ಮಸ್ ರಜೆಯಲ್ಲಿ ಹಲವು ಕೊಲೆಹಿಯೊಗಳು ಬಾಗಿಲು ಹಾಕುತ್ತವೆ. ಅಲ್ಲಿನ ಮಕ್ಕಳಿಗೆ ಊರು ಮೂರು ಗಂಟೆಯ ರೈಲು. ನಿಮಗೆ ಡಿಸೆಂಬರಿನ ವಿಮಾನದರ ತೆತ್ತು ಬೆಂಗಳೂರಿಗೆ ಬರಲಾಗದಿದ್ದರೆ ಆ ಎರಡು ವಾರ ಎಲ್ಲಿರುವುದು ಎಂಬುದನ್ನು ಸೇರುವ ಮುಂಚೆಯೇ ಇಮೇಲ್‌ನಲ್ಲಿ ಕೇಳಿಕೊಳ್ಳಿ.

ರೆಸಿಡೆನ್ಸಿಯಾ

ಇದರ ದೊಡ್ಡ ಗುಣ ಕಾಗದಪತ್ರ. ನಿಮ್ಮ ಹೆಸರಿಗೆ ಸರಿಯಾದ ಕರಾರು ಕೊಡುತ್ತಾರೆ, ವೀಸಾ ಅರ್ಜಿಗೆ ವಸತಿಯ ಪತ್ರ ಕೊಡುತ್ತಾರೆ, ಪಾದ್ರೋನ್‌ಗೆ ಬೇಕಾದ ಒಪ್ಪಿಗೆ ಕೊಡುವುದೂ ಅವರಿಗೆ ದಿನನಿತ್ಯದ ಕೆಲಸ. ಮೋಸ ಹೋಗುವ ಭಯ ಕಡಿಮೆ. ಭಾರತದಲ್ಲಿ ಕುಳಿತು ಮುಂಗಡ ಕಟ್ಟಲೇಬೇಕಾದರೆ ಕಟ್ಟಬಹುದಾದ ಜಾಗ ಇದೇ.

ಇಲ್ಲಿ ಎರಡು ವಿಷಯಕ್ಕೆ ಕಣ್ಣು ತೆರೆದಿರಬೇಕು. ಮೊದಲನೆಯದು ರದ್ದತಿಯ ನಿಯಮ. ಕಾಯ್ದಿರಿಸುವ ಶುಲ್ಕ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ನಡುವರ್ಷದಲ್ಲಿ ಬಿಟ್ಟುಹೋದರೆ ಉಳಿದ ತಿಂಗಳುಗಳ ಬಾಡಿಗೆಯನ್ನೂ ಕೇಳುವ ಕರಾರುಗಳಿವೆ. ‘ವೀಸಾ ನಿರಾಕರಣೆಯಾದರೆ ಪೂರ್ತಿ ಹಣ ವಾಪಸ್’ ಎಂಬ ಸಾಲು ಇದೆಯೇ ಹುಡುಕಿ, ಇಲ್ಲದಿದ್ದರೆ ಬರೆಸಿಕೊಳ್ಳಿ. ವೀಸಾ ತಡವಾದರೂ ಬಾಡಿಗೆ ಸೆಪ್ಟೆಂಬರ್ 1ರಿಂದಲೇ ಓಡುತ್ತದೆ, ಅದೂ ಗೊತ್ತಿರಲಿ.

ಎರಡನೆಯದು ಅಡುಗೆಮನೆ. ಒಂದು ಕಟ್ಟಡದಲ್ಲೇ ಎರಡು ಬಗೆ: ಸ್ಟುಡಿಯೊ ಕೋಣೆಯಲ್ಲಿ ಸಣ್ಣ ಒಲೆ, ಫ್ರಿಜ್ಜು ಇರುತ್ತದೆ, ಸಾದಾ ಕೋಣೆಯವರಿಗೆ ಊಟದ ಹಾಲ್ ಅಥವಾ ಮಹಡಿಗೊಂದು ಸಾಮೂಹಿಕ ಅಡುಗೆಮನೆ. ಸಾಮೂಹಿಕ ಅಡುಗೆಮನೆ ಎಂದು ಬರೆದ ಕಡೆ ಮೈಕ್ರೊವೇವ್ ಒಂದೇ ಇರುವುದೂ ಉಂಟು. ಕೋಣೆಯಲ್ಲಿ ರೈಸ್ ಕುಕ್ಕರ್, ಇಂಡಕ್ಷನ್ ಒಲೆ ಇಡುವುದು ಬಹುತೇಕ ಎಲ್ಲೆಡೆ ನಿಷಿದ್ಧ. ಹೊಗೆ ಸೂಚಕ ಒಗ್ಗರಣೆಗೂ ಬೆಂಕಿಗೂ ವ್ಯತ್ಯಾಸ ಮಾಡುವುದಿಲ್ಲ.

ಊಟ ಸಹಿತ ತೆಗೆದುಕೊಳ್ಳಬೇಕೆ?

ಮಧ್ಯಾಹ್ನದ ಊಟ ಒಂದೂವರೆಯಿಂದ ಮೂರೂವರೆ, ರಾತ್ರಿಯದು ಎಂಟೂವರೆಯಿಂದ ಹತ್ತು. ಊಟದ ಹಾಲ್‌ನ ಸಮಯ ಹೆಚ್ಚುಕಡಿಮೆ ಹೀಗಿರುತ್ತದೆ. ತರಗತಿ ಆ ಹೊತ್ತಿಗೆ ಬಿದ್ದರೆ ಹಿಂದಿನ ದಿನವೇ ಹೇಳಿ ಬುತ್ತಿ ಕಟ್ಟಿಸಿಕೊಳ್ಳುವ ವ್ಯವಸ್ಥೆ ಕೆಲವೆಡೆ ಇದೆ. ಬುತ್ತಿ ಅಂದರೆ ಬ್ರೆಡ್ಡು, ಒಂದು ಹಣ್ಣು, ನೀರಿನ ಬಾಟಲಿ. ಹಲವೆಡೆ ಭಾನುವಾರ ರಾತ್ರಿ ಊಟವಿರುವುದಿಲ್ಲ. ಬಿಟ್ಟ ಊಟದ ಹಣ ಯಾರೂ ವಾಪಸ್ ಕೊಡುವುದಿಲ್ಲ.

ಮಾಂಸಾಹಾರಿಗಳಿಗೆ ಊಟ ಸಹಿತ ವ್ಯವಸ್ಥೆ ಸಲೀಸು. ಸಸ್ಯಾಹಾರಿಗಳು ಮಾತ್ರ ತುಸು ತಡೆದು ಯೋಚಿಸಬೇಕು. ‘ಮಾಂಸವಿಲ್ಲದ್ದು’ ಎಂದು ಕೇಳಿದರೆ ಟ್ಯೂನಾ ಮೀನು ಹಾಕಿದ ಸಲಾಡ್ ಬರಬಹುದು, ಹುರುಳಿಕಾಯಿ ಪಲ್ಯದಲ್ಲಿ ಹಮೋನ್ ಎಂಬ ಹಂದಿಮಾಂಸದ ಚೂರು ಇರಬಹುದು. ಚನ್ನಂಗಿ ಬೇಳೆಯ ಸಾರಿನಂಥ ಲೆಂತೆಹಾಸ್ ನೋಡಲು ನಮ್ಮದೇ ಅನಿಸುತ್ತದೆ, ಒಳಗೆ ಚೊರೀಸೊ ಸಾಸೇಜು ಬೆಂದಿರುತ್ತದೆ. ಸಾಲ್ಮೊರೆಹೊ ಎಂಬ ತಣ್ಣನೆಯ ಟೊಮೇಟೊ ಸೂಪಿನ ಮೇಲೂ ಮೊಟ್ಟೆ, ಹಮೋನ್ ಉದುರಿಸುತ್ತಾರೆ. ಹೇಳಬೇಕಾದ ವಾಕ್ಯ ಇಷ್ಟು: ‘ನೊ ಕೊಮೊ ಕಾರ್ನೆ, ನಿ ಪೆಸ್ಕಾದೊ, ನಿ ಹಮೋನ್’. ಮೊಟ್ಟೆಯೂ ಬೇಡವಾದರೆ ‘ನಿ ವೇವೊ’ ಸೇರಿಸಿ. ಮೊಟ್ಟೆ ತಿನ್ನುವವರಿಗೆ ಆಲೂಗಡ್ಡೆಯ ತೊರ್ತೀಯಾ ಎಲ್ಲೆಡೆ ಆಸರೆ. ತಿನ್ನದವರಿಗೆ ಟೊಮೇಟೊ ಸವರಿದ ಬ್ರೆಡ್ಡು, ಪಿಸ್ತೊ ಎಂಬ ತರಕಾರಿ ಗೊಜ್ಜು, ಹುರಿದ ಪಾದ್ರೋನ್ (ನೋಂದಣಿಯಲ್ಲ, ಊರಿನ ಹೆಸರು) ಮೆಣಸಿನಕಾಯಿ, ಗಾಸ್ಪಾಚೊ ಎಂಬ ತಣ್ಣನೆಯ ತರಕಾರಿ ಸೂಪು, ಸೆವಿಯಾದ ಕಡಲೆ-ಪಾಲಕ್. ಇವು ಹೋಟೆಲಿನಲ್ಲಿ ಸಿಗುತ್ತವೆ. ಹಾಸ್ಟೆಲಿನ ವಾರದ ಪಟ್ಟಿಯಲ್ಲಿ ಇವು ಎಷ್ಟು ಸಲ ಬರುತ್ತವೆ ಎಂಬುದೇ ಪ್ರಶ್ನೆ. ಸೇರುವ ಮುಂಚೆ ಹಿಂದಿನ ತಿಂಗಳ ಮೆನು ಕಳಿಸಿ ಎಂದು ಕೇಳಿ. ಅದನ್ನು ಕೊಡಲು ಹಿಂದೆಮುಂದೆ ನೋಡುವ ಕಡೆ ಸಸ್ಯಾಹಾರ ಅಂದರೆ ಲೆಟ್ಯೂಸ್ ಸೊಪ್ಪು ಎಂದೇ ತಿಳಿಯಿರಿ.

ಶುದ್ಧ ಸಸ್ಯಾಹಾರಿಗಳು, ಅದರಲ್ಲೂ ಮೊಟ್ಟೆ ಮುಟ್ಟದವರು, ಊಟ ಸಹಿತದ ಯಾವ ವ್ಯವಸ್ಥೆಗೂ ಹತ್ತು ತಿಂಗಳ ಹಣ ಕಟ್ಟಬಾರದು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಪಿಸೊ: ಅಗ್ಗ, ಸ್ವತಂತ್ರ, ತಲೆನೋವು

ಎರಡನೇ ವರ್ಷಕ್ಕೆ ಬರುವಷ್ಟರಲ್ಲಿ ಬಹುತೇಕರು ಸೇರುವುದು ಇಲ್ಲಿಗೇ. ಕೋಣೆಯ ಫೋಟೊಗಿಂತ ಮುಖ್ಯವಾದ್ದು ಕರಾರಿನ ಬಗೆ. ಮೂರು ಬಗೆಯವು ಚಲಾವಣೆಯಲ್ಲಿವೆ.

ಮಾಲೀಕರು ಒಂದೊಂದು ಕೋಣೆಗೂ ಪ್ರತ್ಯೇಕ ಕರಾರು ಮಾಡಿಕೊಡುವುದು ವಿದ್ಯಾರ್ಥಿಗೆ ಎಲ್ಲಕ್ಕಿಂತ ಸುರಕ್ಷಿತ. ಪಕ್ಕದ ಕೋಣೆಯವನು ಜನವರಿಯಲ್ಲಿ ಗಂಟುಮೂಟೆ ಕಟ್ಟಿದರೆ ಅದು ಮಾಲೀಕರ ಚಿಂತೆ. ಎರಡನೆಯದು, ಎಲ್ಲರ ಹೆಸರೂ ಒಂದೇ ಕರಾರಿನಲ್ಲಿ. ಅದರಲ್ಲಿ ‘ಸೊಲಿದಾರಿಯಾ’ ಎಂಬ ಪದ ಕಂಡರೆ ನಿಂತು ಓದಿ: ಒಬ್ಬರು ಕೊಡದ ಬಾಡಿಗೆಯನ್ನು ಉಳಿದವರಿಂದ ಪೂರ್ತಿ ವಸೂಲು ಮಾಡುವ ಹಕ್ಕು ಮಾಲೀಕರಿಗಿರುತ್ತದೆ. ನಾಲ್ವರಲ್ಲಿ ಇಬ್ಬರು ಒಂದೇ ಸೆಮಿಸ್ಟರಿನ ವಿನಿಮಯ ವಿದ್ಯಾರ್ಥಿಗಳಾಗಿದ್ದರೆ ಫೆಬ್ರುವರಿಯಲ್ಲಿ ಅವರ ಬದಲಿಗೆ ಜನ ಹುಡುಕುವ ಕೆಲಸ ನಿಮ್ಮದು. ಪರಿಚಯದ ಗೆಳೆಯರು ಸೇರಿ ಮನೆ ಹಿಡಿಯುವಾಗ ಮಾತ್ರ ಇದಕ್ಕೆ ಒಪ್ಪಬಹುದು.

ಮೂರನೆಯದು ಒಳಬಾಡಿಗೆ. ಈಗಾಗಲೇ ಬಾಡಿಗೆಗಿರುವವರು ತಮ್ಮ ಮನೆಯ ಒಂದು ಕೋಣೆ ನಿಮಗೆ ಕೊಡುವುದು. ಸ್ಪೇನಿನ ನಗರ ಬಾಡಿಗೆ ಕಾಯ್ದೆಯ ಪ್ರಕಾರ ಇದಕ್ಕೆ ಮಾಲೀಕರ ಲಿಖಿತ ಒಪ್ಪಿಗೆ ಬೇಕು. ಹೆಚ್ಚಿನ ಸಲ ಇರುವುದಿಲ್ಲ. ಒಪ್ಪಿಗೆ ಇಲ್ಲದ ಕಡೆ ಪಾದ್ರೋನ್ ಸಿಗುವುದು ಕಷ್ಟ, ಮುಂಗಡ ಕೈಯಿಂದ ಕೈಗೆ ಹೋಗಿರುತ್ತದೆ, ಮಾಲೀಕರಿಗೆ ಗೊತ್ತಾದರೆ ಎಲ್ಲರೂ ಬೀದಿಗೆ. ಒಂದು ಸೆಮಿಸ್ಟರಿಗೆ, ಕಡಿಮೆ ಮುಂಗಡಕ್ಕೆ, ಅದೂ ಅಪಾಯ ತಿಳಿದು ಒಪ್ಪುವವರ ಆಯ್ಕೆ ಇದು.

ಮುಂಗಡಕ್ಕೆ ಫಿಯಾನ್ಸಾ ಎನ್ನುತ್ತಾರೆ. ಖಾಯಂ ವಾಸದ ಮನೆಗೆ ಕಾಯ್ದೆ ಹೇಳುವುದು ಒಂದು ತಿಂಗಳ ಬಾಡಿಗೆಯಷ್ಟು. ವಿದ್ಯಾರ್ಥಿಗಳ ಕೈಗೆ ಹೆಚ್ಚಾಗಿ ಬರುವುದು ‘ತೆಂಪೊರಾದಾ’ ಕರಾರು, ಅಂದರೆ ಓದಿನ ಅವಧಿಗಷ್ಟೇ ಸೀಮಿತವಾದದ್ದು. ಅದಕ್ಕೆ ಎರಡು ತಿಂಗಳು. 2023ರ ವಸತಿ ಕಾಯ್ದೆ ಬಂದ ಮೇಲೆ ಖಾಯಂ ಮನೆಯ ದಲ್ಲಾಳಿ ಶುಲ್ಕವನ್ನು ಮಾಲೀಕರೇ ಕೊಡಬೇಕು. ತೆಂಪೊರಾದಾ ಕರಾರಿನಲ್ಲಿ ಆ ಶುಲ್ಕವನ್ನು ನಿಮ್ಮ ಮೇಲೆ ಹಾಕುವವರು ಈಗಲೂ ಇದ್ದಾರೆ. ಸಂಬಳದ ಚೀಟಿ, ಜಾಮೀನುದಾರರು ಇಲ್ಲದ ವಿದೇಶಿ ವಿದ್ಯಾರ್ಥಿಯ ಹತ್ತಿರ ಕೆಲವು ತಿಂಗಳ ಬಾಡಿಗೆ ಮೊದಲೇ ಕೇಳುವುದೂ ಉಂಟು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸವಾದವರಿಗೆ ಇದು ದೊಡ್ಡದೆನಿಸದು, ಅಲ್ಲೇ ಎಡವುವುದು. ಸ್ಪೇನಿನಲ್ಲಿ ಅಷ್ಟು ಹಣ ಮೊದಲೇ ಕೇಳುವವರ ಬಗ್ಗೆ ಅನುಮಾನ ಪಡುವುದು ಸರಿ.

ಮೋಸದ ಜಾಹೀರಾತಿನ ಕತೆ ಪ್ರತಿಸಲವೂ ಒಂದೇ. ಮಾಲೀಕರು ‘ಕೆಲಸದ ಮೇಲೆ ಬೇರೆ ದೇಶದಲ್ಲಿದ್ದಾರೆ’, ಕೀಲಿಯನ್ನು ಕೊರಿಯರ್‌ನಲ್ಲಿ ಕಳಿಸುತ್ತಾರೆ, ಬಾಡಿಗೆ ಸುತ್ತಲಿನ ಕೋಣೆಗಳಿಗಿಂತ ನೂರಿನ್ನೂರು ಕಡಿಮೆ, ಹಣ ಇಂದೇ ಕಳಿಸಬೇಕು. ಪರೀಕ್ಷಿಸಲು ಒಂದು ಸರಳ ದಾರಿ ಇದೆ. ವಿಳಾಸ ತಿಳಿದಿದ್ದರೆ ಆಸ್ತಿ ನೋಂದಣಿ ಕಚೇರಿಯ ಜಾಲತಾಣದಲ್ಲಿ ಸುಮಾರು 10 ಯೂರೊ ಕಟ್ಟಿ ‘ನೋತಾ ಸಿಂಪ್ಲೆ’ ಎಂಬ ಪತ್ರ ತರಿಸಬಹುದು. ಮನೆ ಯಾರ ಹೆಸರಿನಲ್ಲಿದೆ ಎಂದು ಅದರಲ್ಲಿರುತ್ತದೆ, ನಮ್ಮ ಇಸಿ ತೆಗೆಸುವ ಹಾಗೆ. ಕರಾರಿನಲ್ಲಿರುವ ಹೆಸರು, ಬ್ಯಾಂಕ್ ಖಾತೆಯ ಹೆಸರು, ಈ ಪತ್ರದ ಹೆಸರು ಮೂರೂ ಹೊಂದದಿದ್ದರೆ ದುಡ್ಡು ಕಳಿಸಬೇಡಿ.

ಹಾಗಾದರೆ ಊರಲ್ಲಿದ್ದುಕೊಂಡು ಪಿಸೊ ಹಿಡಿಯಬೇಕೆ? ಬೇಡ. ವೀಸಾಕ್ಕೆ ವಸತಿಯ ಪುರಾವೆ ಬೇಕಾಗುತ್ತದೆ ನಿಜ. ತಿಂಗಳ ಲೆಕ್ಕದಲ್ಲಿ ಕೊಡುವ ರೆಸಿಡೆನ್ಸಿಯಾದಲ್ಲಿ ಮೊದಲ ಒಂದೆರಡು ತಿಂಗಳು ಕಾಯ್ದಿರಿಸಿ, ಅಲ್ಲಿಗೆ ಹೋಗಿ ಕಣ್ಣಾರೆ ನೋಡಿ ಹಿಡಿಯಿರಿ. ಸೆಪ್ಟೆಂಬರಿನಲ್ಲಿ ಇದೆಯಾಲಿಸ್ತಾದಂಥ ತಾಣಗಳಲ್ಲಿ ಹಾಕಿದ ಕೋಣೆ ಒಂದೆರಡು ದಿನದಲ್ಲಿ ಹೋಗಿಬಿಡುತ್ತದೆ, ಸಂದೇಶ ಕಳಿಸಿ ಕೂರುವುದಕ್ಕಿಂತ ಫೋನ್ ಮಾಡುವುದು ಮೇಲು. ಆಗಸ್ಟಿನ ಕೊನೆಯ ವಾರ ತಲುಪಿದವರಿಗೆ ಆಯ್ಕೆ ಹೆಚ್ಚು.

ನೋಡಲು ಹೋದಾಗ

ಚಳಿಗಾಲದ ಬಗ್ಗೆ ಕರ್ನಾಟಕದವರು ಕೇಳುವುದೇ ಇಲ್ಲ, ಏಕೆಂದರೆ ಮನೆ ನೋಡುವುದು ಸೆಪ್ಟೆಂಬರಿನ ಸೆಕೆಯಲ್ಲಿ. ಸಾಲಮಾಂಕಾದಲ್ಲಿ ಚಳಿಗಾಲದ ರಾತ್ರಿ ಸೊನ್ನೆಗಿಂತ ಕೆಳಗಿಳಿಯುವುದು ಮಾಮೂಲು. ಗ್ರನಾದಾ ದಕ್ಷಿಣದಲ್ಲಿದ್ದರೂ ಬೆಟ್ಟದ ಬುಡದ ಊರು, ಅಲ್ಲೂ ಹಾಗೆಯೇ. ಇಡೀ ಕಟ್ಟಡಕ್ಕೆ ಒಂದೇ ಬಾಯ್ಲರಿನ ಕೇಂದ್ರ ತಾಪನ ಇದ್ದರೆ ಹಲವೆಡೆ ಖರ್ಚು ಬಾಡಿಗೆಯಲ್ಲೇ ಸೇರಿರುತ್ತದೆ, ಯಾವಾಗ ಹಚ್ಚಬೇಕೆಂದು ಕಟ್ಟಡದ ಸಂಘ ತೀರ್ಮಾನಿಸುತ್ತದೆ. ಗ್ಯಾಸ್ ಬಾಯ್ಲರ್ ಇದ್ದರೆ ಬಿಲ್ಲು ಹಂಚಿಕೆ. ಕರೆಂಟಿನ ಹೀಟರ್ ಮಾತ್ರ ಇದ್ದರೆ ಲೆಕ್ಕ ಹಾಕಿ: 1.5 ಕಿಲೊವ್ಯಾಟಿನ ಹೀಟರ್ ದಿನಕ್ಕೆ ಐದು ಗಂಟೆ ಹಚ್ಚಿದರೆ ತಿಂಗಳಿಗೆ 225 ಯೂನಿಟ್. ಯೂನಿಟ್ಟಿಗೆ 15ರಿಂದ 20 ಸೆಂಟಿನಂತೆ 34ರಿಂದ 45 ಯೂರೊ, ಅದೂ ನಿಮ್ಮೊಬ್ಬರ ಕೋಣೆಗೆ. 280ರ ಕೋಣೆ ಜನವರಿಯಲ್ಲಿ 325 ಆಯಿತು. ಹಳೆಯ ಮನೆಗಳಲ್ಲಿ ದುಂಡು ಮೇಜಿನ ಕೆಳಗೆ ಬ್ರಸೆರೊ ಎಂಬ ಕಾವಲಿ ಹೀಟರ್ ಇರುತ್ತದೆ, ಮೇಜಿನ ಬಟ್ಟೆಯನ್ನು ತೊಡೆಯ ಮೇಲೆ ಎಳೆದುಕೊಂಡು ಓದುತ್ತಾರೆ. ಬೆಚ್ಚಗಿರುತ್ತದೆ. ಆರಿಸದೆ ಎದ್ದುಹೋದರೆ ಬೆಂಕಿ ಹತ್ತುವ ಅಪಾಯವೂ ಇದೆ.

ಕರೆಂಟಿನ ವಿಷಯದಲ್ಲಿ ಇನ್ನೊಂದು. ಪ್ರತಿ ಮನೆಗೂ ಇಂತಿಷ್ಟು ಕಿಲೊವ್ಯಾಟ್ ಎಂದು ಕರಾರಾಗಿರುತ್ತದೆ, ಹಳೆಯ ಫ್ಲ್ಯಾಟುಗಳಲ್ಲಿ 3.45 ಸಾಮಾನ್ಯ. ಓವನ್ 2, ನೀರು ಕಾಯಿಸುತ್ತಿರುವ ಬಟ್ಟೆ ಒಗೆಯುವ ಯಂತ್ರ 2, ಒಂದು ಹೀಟರ್ 1.5 ಒಟ್ಟಿಗೆ ಓಡಿದರೆ 5.5, ಇಡೀ ಮನೆ ಕತ್ತಲು. ಬಿಲ್ಲಿನ ಮೇಲೆ ‘ಪೊತೆನ್ಸಿಯಾ ಕೊಂತ್ರತಾದಾ’ ಎಂಬಲ್ಲಿ ಈ ಅಂಕಿ ಇರುತ್ತದೆ, ಹಿಂದಿನ ತಿಂಗಳ ಬಿಲ್ಲು ತೋರಿಸಿ ಎನ್ನಲು ಇದೂ ಒಂದು ಕಾರಣ. ಸಮಯಕ್ಕೆ ತಕ್ಕ ದರವಿದ್ದರೆ ವಾರದ ದಿನ ಬೆಳಿಗ್ಗೆ 10ರಿಂದ 2, ಸಂಜೆ 6ರಿಂದ 10 ದುಬಾರಿ. ಮಧ್ಯರಾತ್ರಿಯಿಂದ ಬೆಳಿಗ್ಗೆ 8 ಮತ್ತು ಶನಿವಾರ ಭಾನುವಾರ ಅಗ್ಗ. ಸ್ಪೇನಿನ ಮನೆಗಳಲ್ಲಿ ಬಟ್ಟೆ ಒಗೆಯುವುದು ವಾರಾಂತ್ಯಕ್ಕೆ ಯಾಕೆ ಬೀಳುತ್ತದೆ ಎಂದು ಆಮೇಲೆ ತಿಳಿಯುತ್ತದೆ.

ಸ್ನಾನದ ನೀರು ‘ತೆರ್ಮೊ’ ಎಂಬ ಕರೆಂಟ್ ಗೀಸರಿನಿಂದ ಬರುವುದಾದರೆ ಅದರ ಮೇಲೆ ಬರೆದ ಲೀಟರ್ ನೋಡಿ. ನಾಲ್ಕು ಜನಕ್ಕೆ 50 ಲೀಟರಿನದಿದ್ದರೆ ಮೂರನೆಯವರಿಗೆ ತಣ್ಣೀರು. ಕಿತ್ತಳೆ ಬಣ್ಣದ ಬ್ಯುಟೇನ್ ಸಿಲಿಂಡರ್ ಇದ್ದರೆ ಅದು 12.5 ಕಿಲೊದ್ದು, ಬೆಲೆಯನ್ನು ಸರ್ಕಾರ ಎರಡು ತಿಂಗಳಿಗೊಮ್ಮೆ ನಿಗದಿ ಮಾಡುತ್ತದೆ, ಈಚೆಗೆ 15ರಿಂದ 18 ಯೂರೊ ನಡುವೆ ಓಡಾಡುತ್ತಿದೆ. ಮನೆಗೆ ತಂದುಕೊಡುವವರು ಬರುವುದು ವಾರದ ದಿನ ಬೆಳಿಗ್ಗೆ. ಲಿಫ್ಟಿಲ್ಲದ ನಾಲ್ಕನೇ ಮಹಡಿಯಲ್ಲಿ ಆ ಹೊತ್ತಿಗೆ ಯಾರೂ ಮನೆಯಲ್ಲಿರದಿದ್ದರೆ ಖಾಲಿಯನ್ನು ಇಳಿಸುವುದು, ತುಂಬಿದ್ದನ್ನು ಹೊರುವುದು ನಿಮ್ಮ ಪಾಲು. ಬಾರ್ಸಿಲೋನಾದ ಎಶಾಂಪ್ಲೆ ಬಡಾವಣೆಯಲ್ಲಿ ನೆಲಮಹಡಿಯ ಮೇಲೆ ‘ಎಂತ್ರೆಸುವೆಲೊ’, ಅದರ ಮೇಲೆ ‘ಪ್ರಿನ್ಸಿಪಾಲ್’, ಆಮೇಲೆ ಒಂದನೇ ಮಹಡಿ. ಜಾಹೀರಾತಿನ ಮೂರು ಅಂದರೆ ಹತ್ತುವುದು ಐದು.

‘ಇಂತೆರಿಯೊರ್’ ಎಂದು ಬರೆದ ಕೋಣೆಯ ಕಿಟಕಿ ಬೀದಿಗೆ ತೆರೆಯುವುದಿಲ್ಲ, ಕಟ್ಟಡದ ನಡುವಿನ ಗಾಳಿಬಾವಿಗೆ ತೆರೆಯುತ್ತದೆ. ಬೆಳಕು ಕಡಿಮೆ, ಬಾಡಿಗೆಯೂ ಕಡಿಮೆ. ಬಾರುಗಳಿರುವ ಬೀದಿಯಾದರೆ ನಿದ್ದೆಗೆ ಅದೇ ಒಳ್ಳೆಯದು. ವಲೆನ್ಸಿಯಾದಲ್ಲಿ ಮಾರ್ಚ್ 15ರಿಂದ 19ರ ಫಾಯಸ್ ಹಬ್ಬದ ಪಟಾಕಿಯಿಂದ ಮಾತ್ರ ಯಾವ ಕೋಣೆಯೂ ಕಾಪಾಡದು.

ನಮ್ಮ ಅಡುಗೆ

ಮಿಕ್ಸಿಯನ್ನು ಒಯ್ಯಬಹುದು, ಅಲ್ಲೂ 230 ವೋಲ್ಟ್, 50 ಹರ್ಟ್ಸ್. ಪ್ಲಗ್ಗಿಗೆ ಅಡಾಪ್ಟರ್ ಬೇಕು. ಅಲ್ಯೂಮಿನಿಯಂ ಕುಕ್ಕರ್ ಒಯ್ಯುವ ಮುಂಚೆ ಒಲೆ ಯಾವುದೆಂದು ಕೇಳಿ. ಇಂಡಕ್ಷನ್ ಆದರೆ ಅದು ಬಿಸಿಯಾಗುವುದೇ ಇಲ್ಲ. ಕಾದು ಕೆಂಪಾಗುವ ಗಾಜಿನ ಒಲೆ ಆದರೆ ನಡೆಯುತ್ತದೆ, ಆದರೆ ತಳ ಉಬ್ಬಿದ ಹಳೆಯ ಬಾಣಲೆ ಅದರ ಮೇಲೆ ಕೆಲಸ ಮಾಡದು. ಅಡಿ ಚಪ್ಪಟೆಯಾದ, ಇಂಡಕ್ಷನ್ನಿಗೆ ಒಗ್ಗುವ ಸ್ಟೀಲ್ ಕುಕ್ಕರ್ ಎರಡಕ್ಕೂ ಆಗುತ್ತದೆ.

ಮೆರ್ಕಾದೋನಾ, ಲಿಡ್ಲ್‌ನಂಥ ಸೂಪರ್ ಮಾರ್ಕೆಟ್ಟುಗಳಲ್ಲಿ ಬಾಸ್ಮತಿ, ಗಾಜಿನ ಜಾಡಿಯಲ್ಲಿ ಬೇಯಿಸಿದ ಕಡಲೆ, ಚನ್ನಂಗಿ, ಮೊಸರು ಸಿಗುತ್ತವೆ. ಸ್ಪೇನಿನ ದುಂಡಕ್ಕಿ ಪಾಯೆಯಾ ಎಂಬ ಅಲ್ಲಿನ ಅನ್ನದ ಅಡುಗೆಗೆ ಬೆಳೆದದ್ದು, ಚಿತ್ರಾನ್ನಕ್ಕೆ ಮುದ್ದೆಯಾಗುತ್ತದೆ. ಬಿಸಿಬೇಳೆಬಾತಿಗೆ, ಮೊಸರನ್ನಕ್ಕೆ ಮಾತ್ರ ಚೆನ್ನಾಗಿಯೇ ಒಗ್ಗುತ್ತದೆ. ತೊಗರಿಬೇಳೆ, ಉದ್ದಿನಬೇಳೆ, ಹುಣಸೆ, ಇಂಗಿಗೆ ಮ್ಯಾಡ್ರಿಡ್ಡಿನ ಲಾವಾಪಿಯೆಸ್, ಬಾರ್ಸಿಲೋನಾದ ರವಾಲ್ ಕಡೆಯ ಬಾಂಗ್ಲಾ, ಪಾಕಿಸ್ತಾನಿ ಅಂಗಡಿಗಳು. ರಾಗಿಹಿಟ್ಟು, ಸಾರಿನಪುಡಿ, ಒಣ ಕರಿಬೇವು ಊರಿಂದಲೇ ಒಯ್ಯಿರಿ. ತುಪ್ಪ ಒಯ್ಯುವಂತಿಲ್ಲ: ಹೊರಗಿನ ದೇಶಗಳಿಂದ ಹಾಲಿನ, ಮಾಂಸದ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಅಲ್ಲಿನ ಉಪ್ಪಿಲ್ಲದ ಬೆಣ್ಣೆ ಕಾಯಿಸಿಕೊಳ್ಳಿ.

ಹಂಚಿಕೆಯ ಮನೆಯಲ್ಲಿ ಜಗಳ ಶುರುವಾಗುವುದು ಒಗ್ಗರಣೆಯ ವಾಸನೆಯಿಂದ, ಮುಸುರೆ ಪಾತ್ರೆಯಿಂದ, ಬಿಲ್ಲಿನಿಂದ. ಗ್ಯಾಸು, ನೀರಿನ ಬಿಲ್ಲು ಹೆಚ್ಚಾಗಿ ಎರಡು ತಿಂಗಳಿಗೊಮ್ಮೆ ಬರುತ್ತದೆ, ಅಷ್ಟರಲ್ಲಿ ಯಾರೋ ಮನೆ ಬಿಟ್ಟಿರುತ್ತಾರೆ. ಮನೆಮಂದಿ ಪಾಲು ಕಳಿಸುವುದು ಬಿಸುಮ್ ಎಂಬ ಫೋನ್ ಪಾವತಿಯಲ್ಲಿ, ಅದಕ್ಕೆ ಸ್ಪೇನಿನ ಬ್ಯಾಂಕ್ ಖಾತೆ ಬೇಕು. ಖಾತೆ ತೆರೆಯುವವರೆಗೆ ಲೆಕ್ಕವನ್ನು ಬರೆದಿಟ್ಟುಕೊಳ್ಳಿ.

ಕುಟುಂಬದ ಮನೆ

ಇದರ ಬಗ್ಗೆ ಹೇಳುವುದು ಕಡಿಮೆ. ನಾಲ್ಕರಿಂದ ಎಂಟು ವಾರದ ಭಾಷಾ ಕೋರ್ಸಿಗೆ ಇದು ಎಲ್ಲಕ್ಕಿಂತ ಒಳ್ಳೆಯದು, ವರ್ಷದ ಓದಿಗೆ ಬೇಡ. ಊಟದ ಮೇಜಿನ ಮೇಲೆ ಬರುವ ಸ್ಪ್ಯಾನಿಷ್ ತರಗತಿಯಲ್ಲಿ ಬಾರದು. ಬಾರ್ಸಿಲೋನಾದಲ್ಲಾದರೆ ಆ ಮೇಜಿನ ಭಾಷೆ ಕತಲಾನ್ ಆಗಿರಬಹುದು, ಮೊದಲೇ ವಿಚಾರಿಸಿ. ಅತಿಥಿಗಳನ್ನು ಕರೆಯುವಂತಿಲ್ಲ, ಬಟ್ಟೆ ವಾರಕ್ಕೊಮ್ಮೆ, ಅಡುಗೆಮನೆ ಅವರದ್ದು. ಪಾದ್ರೋನ್ ಬಗ್ಗೆ ಹೇಳುವುದಾದರೆ ಹೆಚ್ಚಿನ ಕುಟುಂಬಗಳು ಒಪ್ಪುವುದಿಲ್ಲ.

ದೂರವೋ ಹತ್ತಿರವೋ

ಮ್ಯಾಡ್ರಿಡ್ಡಿನಲ್ಲಿ 26ರೊಳಗಿನವರಿಗೆ ಯುವ ಪಾಸ್ ಇದೆ. ಮಾಮೂಲಿ ದರ ತಿಂಗಳಿಗೆ 20 ಯೂರೊ, ಈಚಿನ ವರ್ಷಗಳಲ್ಲಿ ಸಬ್ಸಿಡಿಯಿಂದ ಅದಕ್ಕೂ ಕಡಿಮೆ. ಮೆಟ್ರೊ, ಬಸ್ಸು, ಸೆರ್ಕನಿಯಾಸ್ ಎಂಬ ಉಪನಗರ ರೈಲು ಎಲ್ಲಕ್ಕೂ, ಪ್ರಾಂತದ ಎಲ್ಲ ವಲಯಕ್ಕೂ ಅದೇ ಒಂದು ಪಾಸ್. ಹಾಗಾಗಿ ದೂರವಿದ್ದು ಬಾಡಿಗೆ ಉಳಿಸುವುದು ಅಲ್ಲಿ ನಿಜವಾಗಿ ಲಾಭ. ಕಾರ್ಲೊಸ್ III ವಿಶ್ವವಿದ್ಯಾಲಯದ ಹೆತಾಫೆ ಕ್ಯಾಂಪಸ್ಸಿನವರು ಆ ಊರಲ್ಲೇ ಇದ್ದರೆ ತರಗತಿಗೂ ಹತ್ತಿರ. 26 ತುಂಬಿದವರಿಗೆ ಈ ಲೆಕ್ಕ ತಲೆಕೆಳಗು. ವಾರದ ದಿನಗಳಲ್ಲಿ ಮೆಟ್ರೊ ರಾತ್ರಿ ಒಂದೂವರೆಗೆ ನಿಲ್ಲುತ್ತದೆ, ಆಮೇಲೆ ಸಿಬೆಲೆಸ್ ಚೌಕದಿಂದ ರಾತ್ರಿ ಬಸ್ಸು. ಬಾರ್ಸಿಲೋನಾದ ಸ್ವಾಯತ್ತ ವಿಶ್ವವಿದ್ಯಾಲಯ ಊರಾಚೆ ಬೆಯಾತೆರ್ರಾದಲ್ಲಿದೆ, ಅದನ್ನು ನೋಡದೆ ಸಮುದ್ರದ ಹತ್ತಿರ ಕೋಣೆ ಹಿಡಿಯಬೇಡಿ. ವಲೆನ್ಸಿಯಾದ ಬೆನಿಮಾಕ್ಲೆತ್‌ನಿಂದ ಎರಡೂ ದೊಡ್ಡ ವಿಶ್ವವಿದ್ಯಾಲಯಗಳಿಗೆ ಹೋಗುವುದು ಸುಲಭ. ಗ್ರನಾದಾದ ಕಾರ್ತೂಹಾ ಕ್ಯಾಂಪಸ್ ಗುಡ್ಡದ ಮೇಲೆ. ಸಾಲಮಾಂಕಾದಲ್ಲಿ ಎಲ್ಲವೂ ಕಾಲ್ನಡಿಗೆ.

ಯಾರಿಗೆ ಯಾವುದು

ಒಂದು ಸೆಮಿಸ್ಟರಿಗೆ ಹೋಗುವವರು, ಅಡುಗೆ ಗೊತ್ತಿದ್ದರೆ, ಕೋಣೆವಾರು ಕರಾರಿನ ಪಿಸೊ. ಪದವಿಯ ಮೊದಲ ವರ್ಷಕ್ಕೆ ಹೋಗುವ, ಮಾಂಸ ತಿನ್ನುವ ಹದಿನೆಂಟರವರಿಗೆ ಕೊಲೆಹಿಯೊ ಮಯೋರ್. ವರ್ಷದ ಸ್ನಾತಕೋತ್ತರಕ್ಕೆ ಹೋಗುವವರು ಮೊದಲ ಎರಡು ತಿಂಗಳು ರೆಸಿಡೆನ್ಸಿಯಾದಲ್ಲಿದ್ದು, ಅದೇ ವಿಳಾಸದಲ್ಲಿ ಪಾದ್ರೋನ್ ಮಾಡಿಸಿ, ಟಿಐಇಗೆ ಬೆರಳಚ್ಚು ಕೊಟ್ಟು, ಆಮೇಲೆ ಪಿಸೊಗೆ ಹೋಗುವುದು ಒಳ್ಳೆಯದು. ಮ್ಯಾಡ್ರಿಡ್, ಬಾರ್ಸಿಲೋನಾಗಳಲ್ಲಿ ಬೆರಳಚ್ಚಿನ ದಿನಾಂಕ ಸಿಗುವುದೇ ದೊಡ್ಡ ಪರದಾಟ, ಆ ಹೊತ್ತಿನಲ್ಲಿ ಮನೆ ಹುಡುಕಾಟವೂ ಸೇರಿಕೊಂಡರೆ ಎರಡೂ ಕೆಡುತ್ತವೆ. ಮನೆ ಬದಲಿಸಿದ ಮೇಲೆ ಪಾದ್ರೋನ್‌ನಲ್ಲಿ ವಿಳಾಸ ಬದಲಿಸಬೇಕು, ಹೊಸ ಮಾಲೀಕರು ಅದಕ್ಕೆ ಒಪ್ಪುತ್ತಾರೆಯೇ ಎಂಬುದನ್ನು ಮುಂಗಡ ಕೊಡುವ ಮುಂಚೆ ಕೇಳಿ.

ಕರಾರು ಯಾವುದಾದರೂ ಹೆಸರು ಪಾಸ್‌ಪೋರ್ಟಿನಲ್ಲಿರುವ ಹಾಗೇ ಇರಲಿ. ಅಲ್ಲಿಯ ಅರ್ಜಿಗಳಲ್ಲಿ ಎರಡು ಮನೆತನದ ಹೆಸರಿಗೆ ಜಾಗವಿರುತ್ತದೆ. ಇನಿಶಿಯಲ್ ಬಿಡಿಸಿ ಊರಿನ ಹೆಸರನ್ನೋ ಅಪ್ಪನ ಹೆಸರನ್ನೋ ಅಲ್ಲಿ ತುಂಬಿದರೆ, ಕರಾರಿನಲ್ಲಿ ಒಂದು, ವೀಸಾದಲ್ಲಿ ಒಂದು ಆಗಿ ನಗರಸಭೆಯ ಕಿಟಕಿಯಲ್ಲಿ ವಾಪಸ್ ಕಳಿಸುತ್ತಾರೆ. ಎರಡನೆಯ ಖಾನೆ ಖಾಲಿ ಬಿಡಿ.

ಕೀಲಿ ಕೈಗೆ ಬಂದ ದಿನವೇ ಗೋಡೆಯ ಕಲೆ, ಹಾಸಿಗೆ, ಕಿಟಕಿ, ಮೀಟರಿನ ಅಂಕಿ ಎಲ್ಲದರ ಫೋಟೊ ತೆಗೆದು ಮಾಲೀಕರಿಗೆ ಇಮೇಲ್ ಮಾಡಿ. ಬಿಡುವಾಗ ಎಷ್ಟು ದಿನ ಮುಂಚೆ ಹೇಳಬೇಕು ಎಂಬುದು ಕರಾರಿನಲ್ಲಿರುತ್ತದೆ. ವಾಟ್ಸ್ಯಾಪ್ ಸಾಲದು, ಇಮೇಲ್‌ನಲ್ಲೂ ತಿಳಿಸಿ. ಕೀಲಿ ವಾಪಸ್ ಕೊಟ್ಟು ಒಂದು ತಿಂಗಳಾದರೂ ಫಿಯಾನ್ಸಾ ಬಾರದಿದ್ದರೆ ಅಲ್ಲಿಂದಾಚೆ ಬಡ್ಡಿ ಸೇರುತ್ತದೆ ಎಂದು ಕಾಯ್ದೆ ಹೇಳುತ್ತದೆ. ಸ್ಪೇನಿನ ಬ್ಯಾಂಕ್ ಖಾತೆಯನ್ನು ಅಷ್ಟರವರೆಗೆ ಮುಚ್ಚಬೇಡಿ, ಭಾರತದ ಖಾತೆಗೆ ಹಣ ಕಳಿಸುವ ತೊಂದರೆ ಯಾವ ಮಾಲೀಕರೂ ತೆಗೆದುಕೊಳ್ಳುವುದಿಲ್ಲ.